ಬಂದೂಕಿನ ಅಂಗಿ

ನಮ್ಮ ಊರಿನಲ್ಲಿ ಬಂದೂಕುಗಳು ಸೀನುತ್ತವೆ. ಹೊರಗಿನವರಿಗೆ ಇದನ್ನು ಹೇಳಿದರೆ ಮೊದಲು ನಗುತ್ತಾರೆ, ಆಮೇಲೆ ನಾನು ಕುಡಿದಿದ್ದೇನೋ ಎಂದು ಬಾಯಿ ಮೂಸುವವರಂತೆ ಹತ್ತಿರ ಬರುತ್ತಾರೆ. ನಾನು ಕುಡಿಯುವವನಲ್ಲ. ಹತ್ತಿ ಹಿಂಜುವ ದಾವಲಸಾಬ ಎಂದು ನಮ್ಮಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ, ಮಾತು ಸ್ವಲ್ಪ ಜಾಸ್ತಿ, ಮನುಷ್ಯ ಒಳ್ಳೆಯವನು ಎಂದು. ಚಳಿಗಾಲದಲ್ಲಿ ಬೋಳುಗುಡ್ಡದ ಮೇಲಿಂದ ಗಾಳಿ ಇಳಿದು ಬಂತೆಂದರೆ ಗೂಟಕ್ಕೆ ತೂಗುಹಾಕಿದ ಬಂದೂಕಿಗೆ ನೆಗಡಿಯಾಗುತ್ತದೆ. ನಳಿಗೆಯ ಬಾಯಲ್ಲಿ ಹನಿ ಕಟ್ಟುತ್ತದೆ, ಬೆರಳಿಟ್ಟು ಎಳೆಯುವ ಕುದುರೆ ತನ್ನಷ್ಟಕ್ಕೆ ನಡುಗುತ್ತದೆ, ಆಮೇಲೆ ಢಂ ಎಂದು ಒಂದು ಸೀನು. ಮದ್ದುಗುಂಡು ತೆಗೆದಿಟ್ಟರಾಯಿತಲ್ಲ ಎಂದು ಜಾಣರು ಹೇಳುತ್ತಾರೆ. ಸೀನುವುದಕ್ಕೆ ಮೂಗಿನಲ್ಲಿ ಏನಾದರೂ ಇರಲೇಬೇಕೇ? ಖಾಲಿ ಬಂದೂಕೂ ಸೀನುತ್ತದೆ. ಅಜ್ಜ ಕಾಡುಹಂದಿಗೆ ಹಾರಿಸಿ ಗುರಿ ತಪ್ಪಿದ ಗುಂಡು ಮೊಮ್ಮಗನ ಕಾಲದಲ್ಲಿ ಹೊರಬಿದ್ದದ್ದನ್ನು ನಾನೇ ಕಂಡಿದ್ದೇನೆ.

ಹಂದಿಗಳ ಕಾಟ ಇರುವ ಊರು, ಬಂದೂಕು ಬಿಟ್ಟು ಬದುಕುವ ಹಾಗಿಲ್ಲ. ಹಾಗಾಗಿ ಜನ ಅದರ ಜೊತೆ ಹೊಂದಿಕೊಂಡರು. ಪ್ರತಿ ಮನೆಯಲ್ಲೂ ಬಂದೂಕಿನ ಗೂಟದ ನೇರಕ್ಕೆ ಮಾಡಿನಲ್ಲಿ ಒಂದು ಹೆಂಚು ಇಲ್ಲ, ಸೀನು ಆಕಾಶಕ್ಕೆ ಹೋಗಲಿ ಎಂದು. ಬಂದೂಕು ಸೀನಿದರೆ ಮಗು ಸೀನಿದಾಗಿನಂತೆ ಮುದುಕಿಯರು ನೂರು ವರ್ಷ ಬಾಳು ಅನ್ನುತ್ತಾರೆ. ಒಂಟಿ ಸೀನು ಅಪಶಕುನ, ಜೋಡಿ ಸೀನು ಶುಭ ಎಂಬುದು ನಿಮಗೂ ಗೊತ್ತಲ್ಲ, ಅದಕ್ಕೇ ನಮ್ಮಲ್ಲಿ ಜೋಡಿ ನಳಿಗೆಯ ಬಂದೂಕು ಇದ್ದ ಮನೆಗೆ ಹೆಣ್ಣು ಕೊಡಲು ಜನ ಮುಂದೆ ಬರುತ್ತಾರೆ, ಒಂಟಿ ನಳಿಗೆಯ ಮನೆಯಾದರೆ ಹುಡುಗನ ಗುಣ ವಿಚಾರಿಸುತ್ತಾರೆ.

ಆದರೆ ಸೀನಿದ ಮೇಲೆ ಹರಸುವುದಕ್ಕಿಂತ ಸೀನದ ಹಾಗೆ ನೋಡಿಕೊಳ್ಳುವುದು ಮೇಲು. ಆ ಕೆಲಸ ನನ್ನ ಹೆಂಡತಿ ಮಾಬವ್ವನದು. ಅವಳು ಬಂದೂಕುಗಳಿಗೆ ಅಂಗಿ ಹೊಲಿಯುತ್ತಾಳೆ. ಹೊರಗೆ ದಪ್ಪ ಬಟ್ಟೆ, ಒಳಗೆ ಮೆತ್ತನೆಯ ಅಸ್ತರಿ, ನಡುವೆ ನಾನು ಹಿಂಜಿ ಕೊಟ್ಟ ಹತ್ತಿ, ಮೇಲೆ ಕೌದಿಯ ಹಾಗೆ ಸಾಲುಹೊಲಿಗೆ. ಕುದುರೆಯ ಹತ್ತಿರ ಬೆರಳು ಹೋಗುವಷ್ಟು ಕಿಂಡಿ, ಹಿಡಿಕೆಗೆ ಮೂರು ಗುಂಡಿ, ಮೂತಿಗೆ ಎಳೆಗೂಸಿಗೆ ಕಟ್ಟುವಂಥ ಕುಂಚಿಗೆ. ಹಿಂಜುವುದು ನನ್ನ ಕೆಲಸ, ಹೊಲಿಯುವುದು ಅವಳದು. ಮಾತು ಹಿಂಜುವುದೂ ನನ್ನದೇ ಎಂದು ಅವಳು ಬಂದವರ ಮುಂದೆಲ್ಲ ಹೇಳುತ್ತಾಳೆ, ಹೇಳಲಿ.

ಊರಿನಲ್ಲಿ ಅವಳಿಗೆ ಕೆಲಸಕ್ಕೆ ಬರವಿರಲಿಲ್ಲ, ಬೆಲೆಗೆ ಬರವಿತ್ತು. ನಾನು ದುಡ್ಡಿನ ಮಾತು ಆಡುತ್ತಿಲ್ಲ. ಅಂಗಿ ತೊಟ್ಟ ಬಂದೂಕು ಚಳಿಗಾಲವಿಡೀ ಸುಮ್ಮನಿದ್ದರೆ ಜನ ತಮ್ಮ ಬಂದೂಕಿನ ಜಾತಕವನ್ನು ಹೊಗಳುತ್ತಿದ್ದರು. ಎಲ್ಲೋ ಒಂದು ಸೀನಿತೆಂದರೆ ಮಾತ್ರ ಅಂಗಿ ಹಿಡಿದುಕೊಂಡು ನಮ್ಮ ಬಾಗಿಲಿಗೆ ಬಂದು, ಏನವ್ವಾ ಇದು ಎಂಥಾ ತುಂಡು ಅರಿವೆ ಎಂದು ಜೋರು ಮಾಡುತ್ತಿದ್ದರು. ಮೂಗಿಗಿಂತ ಮೂಗುತಿ ಭಾರ ಎಂದು ಅಂಗಿಯನ್ನು ಎತ್ತಿ ತೋರಿಸಿ ನಗುವವರೂ ಇದ್ದರು. ಮಾಬವ್ವ ಎದುರಾಡುತ್ತಿರಲಿಲ್ಲ. ರಾತ್ರಿ ರೊಟ್ಟಿ ಬಡಿಯುವಾಗ ಮಾತ್ರ ಒಂದು ಮಾತು ಹೊರಬರುತ್ತಿತ್ತು.

“ಸಾರಿಗೆ ಉಪ್ಪು ಸರಿ ಬಿದ್ದ ದಿನ ಯಾರಾರ ಉಪ್ಪಿನ ಹೆಸರು ಎತ್ತತಾರೇನ್ರಿ?”

ಅಂದು ರೊಟ್ಟಿಗಳು ಎಂದಿಗಿಂತ ತೆಳ್ಳಗಾಗುತ್ತಿದ್ದವು, ಅಷ್ಟು ಜೋರಾಗಿ ಬಡಿಯುತ್ತಿದ್ದಳು.

ಹೀಗಿರುವಾಗ ಬಂದೂಕು ಕಚೇರಿಗೆ ಹೊಸ ಸಾಹೇಬರು ಬಂದರು. ಅನಂತಶಯನರಾಯರು ಎಂದು ಹೆಸರು. ಹೇಳಿದಾಗ ಮಾತ್ರ ಬಂದೂಕು ಸದ್ದು ಮಾಡುವ ಊರುಗಳಲ್ಲಿ ನೌಕರಿ ಮಾಡಿ ಬಂದವರು. ಒಳ್ಳೆಯ ಮನುಷ್ಯ, ಇಸ್ತ್ರಿ ಮಾಡಿದ ಮಾತು. ಆ ವರ್ಷ ಮೇಲಿನಿಂದ ಒಂದು ಆಜ್ಞೆ ಬಂದಿತ್ತು. ಬೇರೆಲ್ಲೋ ಕಮ್ಮಾರರು ಕದ್ದುಮುಚ್ಚಿ ಕುದುರೆ, ನಳಿಗೆ ಮಾಡಿ ಮಾರುತ್ತಿದ್ದರಂತೆ, ಅದನ್ನು ತಡೆಯುವುದಕ್ಕೆ. ಬಂದೂಕಿನ ಪ್ರತಿಯೊಂದು ಅಂಗವೂ ಸುಸ್ಥಿತಿಯಲ್ಲಿರಬೇಕು, ತಪಾಸಣೆಗೆ ಹಾಜರುಪಡಿಸಬೇಕು, ಪರವಾನಗಿ ಇಲ್ಲದೆ ಯಾರೂ ಹೊಸ ಅಂಗ ತಯಾರಿಸಕೂಡದು ಎಂದು ಅದರಲ್ಲಿ ಬರೆದಿತ್ತು. ಸಾಹೇಬರು ಅದನ್ನು ಡಂಗುರ ಹೊಡೆಯುವ ಯಮನಪ್ಪನ ಕೈಗೆ ಕೊಟ್ಟರು.

ಯಮನಪ್ಪನದು ಊರಿಗೇ ಗೊತ್ತಿರುವ ಗಂಟಲು. ಯಾವ ಮಾತು ಸಾರಿದರೂ ಅದರ ಬಾಲ ಹಿಡಿದು ಎಳೆದು ಕೊನೆಗೊಂದು ‘ಈ’ ಎಂಬ ದೀರ್ಘ ಕೂಡಿಸದಿದ್ದರೆ ಅವನಿಗೆ ತೃಪ್ತಿಯಿಲ್ಲ. ಬಂದೂಕಿನ ಅಂಗೀ, ಸುಸ್ಥಿತೀ, ತಪಾಸಣೀ ಎಂದು ಅವನು ಓಣಿ ಓಣಿಯಲ್ಲಿ ಕೂಗಿದ. ಜನ ಏನು ಕೇಳಿಸಿಕೊಂಡರು ಅಂತ ನೀವೇ ಊಹಿಸಿ. ಹೊಸ ಸಾಹೇಬರು ಬಂದೂಕಿನ ಅಂಗಿಗಳನ್ನು ತಪಾಸಣೆ ಮಾಡುತ್ತಾರಂತೆ, ಹರಕು ಅಂಗಿ ತೊಟ್ಟ ಬಂದೂಕಿಗೆ ದಂಡವಂತೆ. ಪರವಾನಗಿಯ ಮಾತು ಬರುವಷ್ಟರಲ್ಲಿ ಕೇಳುವುದಕ್ಕೆ ಓಣಿಯಲ್ಲಿ ಯಾರೂ ಉಳಿದಿರಲಿಲ್ಲ. ಎಲ್ಲರೂ ತಂತಮ್ಮ ಬಂದೂಕಿನ ಅಂಗಿ ಬಿಚ್ಚಿಕೊಂಡು ನಮ್ಮ ಮನೆಯ ಕಡೆ ಓಡಿ ಬರುತ್ತಿದ್ದರು.

ಮಾಬವ್ವನಿಗೆ ಅಷ್ಟು ಸಂತೋಷವಾದದ್ದನ್ನು ನಾನು ನಮ್ಮ ಮದುವೆಯ ದಿನವೂ ಕಂಡಿರಲಿಲ್ಲ. ಸರ್ಕಾರವೇ ತನ್ನ ಅಂಗಿಯ ಮಾತೆತ್ತಿದೆಯಲ್ಲ ಎಂದು ಅವಳ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ತೇಪೆ ಹಾಕುವುದು, ಗುಂಡಿ ಬದಲಿಸುವುದು, ಹತ್ತಿ ಗಂಟುಕಟ್ಟಿದ್ದನ್ನು ಬಿಚ್ಚಿ ನನ್ನ ಕಡೆ ಎಸೆಯುವುದು. ನಾನು ಹಿಂಜಿದೆ, ಹಿಂಜಿದೆ, ನನ್ನ ಮೀಸೆ ಹುಬ್ಬೆಲ್ಲ ಬೆಳ್ಳಗಾಗುವಷ್ಟು ಹಿಂಜಿದೆ. ಮನೆಯ ಪಡಸಾಲೆಯಲ್ಲಿ ಅಂಗಿಗಳು ಎದೆಮಟ್ಟ ಬೆಳೆದು ನಿಂತವು.

ಕಮ್ಮಾರರನ್ನು ಹುಡುಕಿಕೊಂಡು ಹೊರಟ ಸಾಹೇಬರು, ಊರಿನವರೆಲ್ಲ ನಮ್ಮ ಮನೆಗೆ ಯಾಕೆ ಓಡುತ್ತಿದ್ದಾರೆ ಎಂದು ಹಿಂದೆಯೇ ಬಂದರು. ರಾಶಿ ನೋಡಿ ಬಾಗಿಲಲ್ಲೇ ನಿಂತರು. ಏನಮ್ಮ ಇದೆಲ್ಲ ಎಂದು ಕೇಳಿದರು. ಮಾಬವ್ವ ಸೆರಗು ಸರಿಮಾಡಿಕೊಂಡು, ಇಷ್ಟು ಬೇಗ ತಪಾಸಣೆಗೆ ಬಂದರಲ್ಲ ಎಂಬ ಖುಷಿಯಲ್ಲಿ, ಬಂದೂಕಿನ ಅಂಗಿ ರೀ ಸಾಹೇಬ್ರ, ಎಲ್ಲಾ ನಾನ ಮಾಡೇನಿ, ಇನ್ನೂ ಬೇಕಂದ್ರ ಮಾಡತೀನಿ ಅಂದಳು. ಹಿಂದೆ ನಿಂತಿದ್ದ ಗುಮಾಸ್ತ ಅದನ್ನು ಬರೆದುಕೊಂಡ. ಬರೆಯುವ ಆತುರದಲ್ಲಿ ಅಂಗಿಯ ಗುಡಿಸನ್ನು ಗುಡಿಸಿಹಾಕಿದ. ಬಂದೂಕಿನ ಅಂಗ, ಎಲ್ಲವನ್ನೂ ನಾನೇ ಮಾಡಿದ್ದೇನೆ, ಇನ್ನೂ ಮಾಡುತ್ತೇನೆ ಎಂದಾಯಿತು. ಅದಕ್ಕೆ ಅವಳು ಹೆಬ್ಬೆಟ್ಟೂ ಒತ್ತಿದಳು, ನಗುನಗುತ್ತಾ.

ತಪ್ಪು ಬರಹದ ವಿಷಯ ಆಮೇಲೆ ಗೊತ್ತಾದಾಗ ಸಾಹೇಬರು ಹಿಂದೆ ಸರಿಯಬಹುದಿತ್ತು. ಸರಿಯಲಿಲ್ಲ. ಅವರು ನಿಯಮದ ಪುಸ್ತಕ ಮತ್ತೆ ಓದಿದರಂತೆ. ಬಂದೂಕಿಗೆ ತೊಡಿಸಿದ ಯಾವ ವಸ್ತು ಇಲ್ಲದೆ ಬಂದೂಕು ಸುರಕ್ಷಿತವಾಗಿ ಇರಲಾರದೋ ಅದು ಅದರ ಅಂಗವೇ ಎಂದು ಅಲ್ಲಿತ್ತು. ಗುಡಿಸು ಇರಲಿ ಬಿಡಲಿ, ಈ ಊರಿನಲ್ಲಿ ಅಂಗಿಯೂ ಅಂಗವೇ, ಹಾಗಾಗಿ ಪರವಾನಗಿ ಇಲ್ಲದೆ ಹೊಲಿದದ್ದು ಅಪರಾಧ ಎಂದು ಹಟ ಹಿಡಿದರು. ಮಾಬವ್ವನ ಹೊಲಿಗೆ ಮಷೀನಿಗೆ ಅರಗಿನ ಮುದ್ರೆ ಬಿತ್ತು. ರಾಶಿಯೆಲ್ಲ ಗಾಡಿಯೇರಿತು. ಕಚೇರಿಯ ಆಳುಗಳು ಮನೆಮನೆ ಹೊಕ್ಕು ಗೂಟದ ಮೇಲಿದ್ದ ಬಂದೂಕುಗಳ ಮೈಮೇಲಿಂದಲೂ ಅಂಗಿ ಬಿಚ್ಚಿಕೊಂಡು ಹೋದರು. ಮೊಕದ್ದಮೆಯಲ್ಲಿ ಸೋತರೆ ಮಷೀನು ಸರ್ಕಾರದ ಖಜಾನೆಗೆ, ಮಾಬವ್ವ ಮತ್ತೆ ಯಾವ ಬಂದೂಕಿಗೂ ಸೂಜಿ ಮುಟ್ಟಿಸಕೂಡದು. ಗುಡ್ಡದ ಮೇಲೆ ಚಳಿ ಅಷ್ಟರಲ್ಲಿ ಬಂದು ಕೂತಿತ್ತು.

ಆ ಚಳಿಗಾಲದ ಆರಂಭವನ್ನು ನೆನೆದರೆ ಈಗ ನಗು ಬರುತ್ತದೆ, ಆಗ ಬರಲಿಲ್ಲ. ಜನ ಬಂದೂಕುಗಳನ್ನು ಒಲೆಯ ಪಕ್ಕ ಮಲಗಿಸಿದರು, ಹಳೆಯ ಧೋತರ ಸುತ್ತಿದರು, ಎದೆಗೆ ಹಚ್ಚುವ ಎಣ್ಣೆಯನ್ನು ನಳಿಗೆಗೆ ತಿಕ್ಕಿದರು. ಮೇಲಿನ ಓಣಿಯ ಹುಚ್ಚೀರಪ್ಪಜ್ಜ ತನ್ನ ಬಂದೂಕನ್ನು ಕೌದಿಯೊಳಗೆ ಎಳೆದುಕೊಂಡು ಮಲಗಿದ್ದಕ್ಕೆ ಅವನ ಹೆಂಡತಿ ಆ ವಯಸ್ಸಿನಲ್ಲಿ ತವರಿಗೆ ಹೋದಳು. ಬಿಸಿಲೇರುವ ತನಕ ಶಾಲೆಯ ಬಾಗಿಲು ತೆರೆಯಲಿಲ್ಲ. ಸಂತೆಗೆ ಹೋಗುವವರು ಗೋಡೆ ಹಿಡಿದುಕೊಂಡು ಹೋದರು. ಎಷ್ಟು ಮಾಡಿದರೂ ಸೀನುಗಳು ತಪ್ಪಲಿಲ್ಲ. ಒಂದು ಎಮ್ಮೆಯ ಕೊಂಬಿನ ತುದಿ ಹಾರಿತು. ಒಂದು ಬೆಳಗ್ಗೆ ನೆರೆಮನೆಯ ಬಂದೂಕು ಗೂಟದಿಂದ ಜಾರಿ ಬಿದ್ದು ಸೀನಿದ್ದು ಗೋಡೆ ದಾಟಿ ಹೋಗಿ ಅದರಾಚೆ ಮನೆಯ ಕೂಸಿನ ತೊಟ್ಟಿಲ ಹಗ್ಗ ಕಡಿಯಿತು. ಕೂಸಿಗೆ ಏನೂ ಆಗಲಿಲ್ಲ, ಅಳಲೂ ಇಲ್ಲ. ಅಂದು ಮಾಬವ್ವ ಮಾತ್ರ ಅತ್ತಳು. ಮುದ್ರೆ ಬಿದ್ದ ಮಷೀನಿನ ಮುಂದೆ ಕೂತು ಖಾಲಿ ಬೆರಳುಗಳನ್ನು ಮಡಚುತ್ತ ಬಿಚ್ಚುತ್ತ ಇದ್ದವಳ ಪಕ್ಕ ನಾನೂ ಹೋಗಿ ಕೂತೆ.

ನಮ್ಮ ವಕೀಲರು ಮಡಿವಾಳಪ್ಪನವರು. ಕರಿ ಕೋಟಿನ ಕಿಸೆಯಲ್ಲಿ ಸದಾ ಶೇಂಗಾ ಇರುವ ಮನುಷ್ಯ. ಕೇಸು ಕೇಳಿ, ಇದು ಗೆದ್ದ ಹಾಗೇ ಅಂದರು. ಅಂಗ ಅಂದರೆ ಕಿತ್ತರೆ ಬಂದೂಕು ಕೆಡಬೇಕು. ಅಂಗಿ ಅಂದರೆ ತೆಗೆದರೆ ನಾಚಿಕೆಯಾದೀತು, ಅಷ್ಟೇ. ಬಂದೂಕಿಗೆ ಗುಂಡು, ಅಂಗಿಗೆ ಗುಂಡಿ, ಗುಂಡಿ ಇದ್ದದ್ದೆಲ್ಲ ಅಂಗಿಯೇ ಎಂದು ತಾವು ವಾದಿಸುವುದಾಗಿಯೂ, ಕೋರ್ಟಿನಲ್ಲೇ ಒಂದು ಬಂದೂಕಿನ ಅಂಗಿ ಬಿಚ್ಚಿ ನಿಲ್ಲಿಸಿ ತೋರಿಸುವುದಾಗಿಯೂ ಹೇಳಿದರು. ನಡುಮಧ್ಯಾಹ್ನದ ಹೊತ್ತು, ಬಿಸಿಲಿಗೆ ಕಾದ ಕೋಣೆ, ಬಂದೂಕು ಸೀನುವುದಿಲ್ಲ. ಆಮೇಲೆ ಮಾಬವ್ವ ಎದ್ದು ನಿಂತು ಒಂದು ಮಾತು ಹೇಳಿದರೆ ಮುಗಿಯಿತು.

“ಇದು ಬರೇ ಚಂದಕ್ಕರೀ, ಇದ್ದರೂ ಆತು, ಇಲ್ಲದಿದ್ದರೂ ಆತು ಅಂತ ಹೇಳವ್ವಾ ಸಾಕು. ಮಷೀನು ಸಂಜೀಕ ನಿನ್ನ ಮನ್ಯಾಗ ಇರತೈತಿ.”

ಮಾಬವ್ವ ತಲೆಯಾಡಿಸಿ ಬಂದಳು. ಮನೆಯಲ್ಲಿ ನಾನು ಟವೆಲ್ಲನ್ನು ಹೆಗಲ ಮೇಲೆ ಹೊದ್ದು ಜಡ್ಜ್ ಆಗಿ ಕೂತು ಅವಳಿಗೆ ಪಾಠ ಮಾಡಿಸಿದೆ. ಇದ್ದರೂ ಆತು ಎನ್ನುವ ತನಕ ಸಲೀಸಾಗಿ ಬರುತ್ತಿತ್ತು, ಆಮೇಲೆ ಅವಳಿಗೆ ನೀರು ಬೇಕಾಗುತ್ತಿತ್ತು. ಮತ್ತೆ ಹೇಳಿಸಿದೆ, ಮತ್ತೆ ನೀರು. ಬಾಯಿಮಾತು ಕಣೇ, ಅಂದುಬಿಡು, ಅಂದರೆ ಅಂಗಿ ಹರಿಯುತ್ತದೆಯೇ ಎಂದು ನಾನು ರೇಗಿದೆ.

“ಹಂಗಾರ ಅದರಾಗಿನ ನಿಮ್ಮ ಹತ್ತಿನೂ ಇದ್ದರೂ ಆತು, ಇಲ್ಲದಿದ್ದರೂ ಆತು ಅನ್ನಲೇನು?”

ನಾನು ಟವೆಲ್ಲು ತೆಗೆದು ಗೂಟಕ್ಕೆ ಹಾಕಿದೆ. ಆ ಮಾತು ನನಗೂ ಎಲ್ಲೋ ನಾಟಿತು. ಆದರೂ ಮಷೀನು ಮುಖ್ಯ, ಹೇಳಲೇಬೇಕು ಎಂದೆ. ಹೇಳತೀನಿ ಬಿಡ್ರಿ ಅಂದಳು.

ವಿಚಾರಣೆಯ ದಿನ ಊರಿಗೆ ಊರೇ ಕೋರ್ಟಿನಲ್ಲಿತ್ತು. ಜಡ್ಜ್ ಹೆಣ್ಣುಮಗಳು, ಬಾಯಾರು ಎಂದೇ ಎಲ್ಲರೂ ಕರೆಯುವುದು, ನಮ್ಮ ಸೀಮೆಯವರೇ, ನರೆತ ಕೂದಲು, ಮೇಜಿನ ಮೇಲೆ ತಮ್ಮದೇ ಎಲೆಯಡಿಕೆಯ ಡಬ್ಬಿ. ಮಡಿವಾಳಪ್ಪನವರು ಗುಂಡು ಗುಂಡಿಗಳ ವಾದವನ್ನು ಚೆನ್ನಾಗಿಯೇ ಮಂಡಿಸಿದರು, ಜನ ತಲೆದೂಗಿದರು. ಆಮೇಲೆ ಪಹರೆಯ ಸಂಕಪ್ಪನ ಒಂಟಿ ನಳಿಗೆ ಬಂದೂಕನ್ನು ತರಿಸಿದರು. ಸರ್ಕಾರಿ ಬಂದೂಕಾದ್ದರಿಂದ ಅದರ ಅಂಗಿಯನ್ನು ಮಾತ್ರ ಯಾರೂ ಜಪ್ತಿ ಮಾಡಿರಲಿಲ್ಲ. ಗುಂಡಿ ಬಿಚ್ಚಿ, ಕುಂಚಿಗೆ ತೆಗೆದು, ಬರಿಮೈ ಮಾಡಿ, ಮೂತಿ ಮೇಲೆ ಮಾಡಿ ಕೋಣೆಯ ನಡುವೆ ಆನಿಸಿ ನಿಲ್ಲಿಸಿದರು. ಎಲ್ಲರೂ ಅದನ್ನೇ ನೋಡುತ್ತ ಕೂತೆವು. ಬಂದೂಕು ಸುಮ್ಮನಿತ್ತು. ಮಡಿವಾಳಪ್ಪನವರು ನಿಶ್ಚಿಂತೆಯಿಂದ ಒಂದು ಶೇಂಗಾ ಸುಲಿದರು.

ಅನಂತಶಯನರಾಯರು ಎದ್ದರು. ಈ ಕೋಣೆ ಒಲೆಯ ಹಾಗೆ ಕಾದಿದೆ, ಮನೆಗಳಲ್ಲಿ ಬಂದೂಕು ಇರುವುದು ಹೀಗಲ್ಲ, ಗುಡ್ಡದ ಕಡೆಯ ಕಿಟಕಿ ತೆರೆಸಬೇಕು ಎಂದು ಕೇಳಿಕೊಂಡರು. ಕೇಳಿದ್ದರಲ್ಲಿ ತಪ್ಪಿರಲಿಲ್ಲ, ಬಾಯಾರು ಒಪ್ಪಿದರು. ಕಿಟಕಿ ತೆರೆಯಿತು. ಗಾಳಿ ಒಳಗೆ ಬಂತು. ನಮ್ಮ ಜನ ಅಭ್ಯಾಸದಿಂದ ತಂತಮ್ಮ ಕುತ್ತಿಗೆಗಳನ್ನು ಒಂದಿಷ್ಟು ಓರೆ ಮಾಡಿಕೊಂಡರು. ಆದರೂ ಬಂದೂಕು ಸೀನಲಿಲ್ಲ. ಮಧ್ಯಾಹ್ನದ ಬಿಸಿಲಲ್ಲವೇ, ಗಾಳಿಗೆ ಹಲ್ಲಿರಲಿಲ್ಲ. ಇನ್ನೊಂದು ಸ್ವಲ್ಪ ಹೊತ್ತು ಹೀಗೇ ನಿಂತರೆ ಕೇಸು ನಮ್ಮದು. ಮಡಿವಾಳಪ್ಪನವರು ಮಾಬವ್ವನ ಕಡೆ ತಿರುಗಿ, ಸಿದ್ಧವಾಗು ಎಂದು ಕಣ್ಣಿನಲ್ಲೇ ಹೇಳಿದರು. ನನ್ನ ತುಟಿಗಳು ತಾವಾಗಿ ಇದ್ದರೂ ಆತು ಎಂದು ಅಲ್ಲಾಡುತ್ತಿದ್ದವು.

ಮಾಬವ್ವ ಎದ್ದಳು. ಎದ್ದವಳು ಕಟಕಟೆಯ ಕಡೆ ಹೋಗಲಿಲ್ಲ. ನೇರ ಕೋಣೆಯ ನಡುವೆ ಹೋದಳು, ತನ್ನ ಮೈಮೇಲಿನ ಶಾಲು ತೆಗೆದಳು, ಬಂದೂಕಿಗೆ ತಲೆಯಿಂದ ಕಾಲತನಕ ಹೊದಿಸಿ ತುದಿಯನ್ನು ಹಿಡಿಕೆಯ ಹತ್ತಿರ ಗಂಟು ಹಾಕಿದಳು. ಆಮೇಲೆ ಕಿಟಕಿ ಮುಚ್ಚಿ ಬಂದಳು. ಮಡಿವಾಳಪ್ಪನವರು ಹಣೆಗೆ ಕೈ ಹಚ್ಚಿಕೊಂಡರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುವುದು ಏನೆಂದು ಅವರ ಮುಖ ನೋಡಿದರೆ ಗೊತ್ತಾಗುತ್ತಿತ್ತು.

ಬಾಯಾರು ಎಲೆ ಮೆಲ್ಲುವುದನ್ನು ನಿಲ್ಲಿಸಿ, ಯಾಕವ್ವಾ ಹಿಂಗ ಮಾಡಿದಿ ಎಂದು ಕೇಳಿದರು.

“ನಡಗಾಕತ್ತಿತ್ತರೀ.”

“ಸೀನಿಲ್ಲಲ್ಲ?”

“ಸೀನೂತನಕ ಕಾಯೂದೇನರೀ, ಕೂಸು ನಡಗಾಕತ್ತರ?”

“ಅಂದ್ರ ಅಂಗಿ ಇರಲೇಬೇಕು ಅಂತೀ. ಹಿಂಗಂದ್ರ ಕೇಸು ಸೋಲತಿ, ಮಷೀನು ಹೋಗತೈತಿ. ತಿಳದೈತಿ ಇಲ್ಲೋ?”

ಮಾಬವ್ವ ಒಮ್ಮೆ ನನ್ನ ಕಡೆ ನೋಡಿದಳು.

“ತಿಳದೈತ್ರೀ ಬಾಯಾರ. ಇದ್ದರೂ ಆತು, ಇಲ್ಲದಿದ್ದರೂ ಆತು ಅನ್ನು ಅಂತ ವಕೀಲರು ಹೇಳಿ ಕೊಟ್ಟಾರ. ನಮ್ಮನಿಯವರೂ ಬಾಯಿಪಾಠ ಮಾಡಿಸ್ಯಾರ. ಬರವಲ್ದರೀ. ಬೇಕಂತನ ಹೊಲದೇನಿ. ಬ್ಯಾಡಾದ್ದನ್ನ ನಾ ಇಷ್ಟು ವರ್ಷ ಯಾಕ ಹೊಲೀಲಿ? ಮಷೀನು ಒಯ್ರಿ. ಖರೆ, ಇದು ಬ್ಯಾಡಾದ್ದು ಅಂತ ಮಾತ್ರ ನನ್ನ ಬಾಯಿಂದ ಹೇಳಸಬ್ಯಾಡ್ರಿ.”

ಮೂಗಿಗಿಂತ ಮೂಗುತಿ ಭಾರ ಎಂದು ನಗುತ್ತಿದ್ದವರೆಲ್ಲ ನೆಲ ನೋಡುತ್ತಿದ್ದರು. ನನಗೆ ಅವಳ ಮೇಲೆ ಸಿಟ್ಟು ಬಂತು, ಇಷ್ಟು ದಿನದ ಓಡಾಟವನ್ನೆಲ್ಲ ಒಂದು ಶಾಲಿನಲ್ಲಿ ಕಟ್ಟಿ ಎಸೆದಳಲ್ಲ ಎಂದು. ಸಿಟ್ಟಿನ ಹಿಂದೆಯೇ ಇನ್ನೊಂದು ಬಂತು. ಈ ಹೆಂಗಸು ನನ್ನ ಹೆಂಡತಿ ಎಂದು ಎದ್ದು ನಿಂತು ಕೂಗಬೇಕು ಎನಿಸಿತು. ಕೂಗಲಿಲ್ಲ, ಹೆಗಲ ಮೇಲಿನ ಟವೆಲ್ಲಿನಿಂದ ಮುಖ ಒರೆಸಿಕೊಂಡೆ.

ಬಾಯಾರು ಬಹಳ ಹೊತ್ತು ಬರೆದರು. ಬರೆದದ್ದನ್ನು ಓದಿದರು. ಈ ಊರಿನಲ್ಲಿ ಅಂಗಿಯು ಬಂದೂಕಿನ ಅಂಗವೇ ಹೌದು, ಅದಿಲ್ಲದೆ ಬಂದೂಕು ಪೂರ್ಣವಲ್ಲ, ತಯಾರಿಸಿದವಳೇ ಹಾಗೆ ನುಡಿದಿದ್ದಾಳೆ, ಅವಳ ನುಡಿಯನ್ನು ಈ ನ್ಯಾಯಾಲಯ ನಂಬುತ್ತದೆ. ಸರ್ಕಾರ ಗೆದ್ದಿತು. ಅನಂತಶಯನರಾಯರು ಕೈಮುಗಿದರು. ಗೆದ್ದವರ ಮುಖದಲ್ಲಿ ಗೆಲುವಿರಲಿಲ್ಲ, ಶಾಲು ಹೊದ್ದ ಬಂದೂಕನ್ನೇ ನೋಡುತ್ತಿದ್ದರು. ಸೋತ ಮಾಬವ್ವ ಮಾತ್ರ ಹಬ್ಬದ ಊಟ ಉಂಡವಳ ಹಾಗೆ ನಿಂತಿದ್ದಳು. ಓದಿದ್ದನ್ನು ಇನ್ನೊಮ್ಮೆ ಓದಲು ಆಗುತ್ತದೆಯೇ ಎಂದು ಬಾಯಾರನ್ನು ಕೇಳಿದಳು. ಬಾಯಾರು ಇನ್ನೊಮ್ಮೆ ಓದಿದರು.

ಎರಡನೆಯ ಸಲ ಓದುವಾಗ ಮಡಿವಾಳಪ್ಪನವರ ಕೈಯಲ್ಲಿನ ಶೇಂಗಾ ಕೆಳಗೆ ಬಿತ್ತು. ಅವರು ನಿಯಮದ ಪುಸ್ತಕವನ್ನು ಎಳೆದುಕೊಂಡು ಹಾಳೆ ತಿರುವಿ ಎದ್ದು ನಿಂತರು. ತಾವು ಸೋತದ್ದಕ್ಕೆ ತಮಗೆ ಬಹಳ ಸಂತೋಷವಾಗಿದೆ, ಅಂಗಿ ಅಂಗವೇ ಸರಿ ಎಂದು ಶುರುಮಾಡಿದರು. ಆದರೆ ಪರವಾನಗಿ ಇರುವ ಬಂದೂಕಿನ ಯಾವುದೇ ಅಂಗವನ್ನು ಕಚೇರಿಯವರೂ ಬಿಚ್ಚಿಕೊಂಡು ಹೋಗಕೂಡದು, ಹೋದರೆ ಅದು ಅಂಗಭಂಗ ಎಂದು ಇದೇ ಪುಸ್ತಕದಲ್ಲಿದೆ. ಹಾಗಾದರೆ ಊರಿನ ಅಷ್ಟೂ ಬಂದೂಕುಗಳ ಅಂಗಭಂಗ ಮಾಡಿದವರು ಯಾರು ಎಂದು ಅವರು ಕೇಳಿದರು. ಸಾಹೇಬರು ಪುಸ್ತಕ ಈಸಿಕೊಂಡು ಓದಿದರು. ಓದಿ, ಹೌದು, ಹಾಗೇ ಇದೆ ಎಂದರು. ನಾನು ಮೊದಲೇ ಹೇಳಿದೆನಲ್ಲ, ಒಳ್ಳೆಯ ಮನುಷ್ಯ.

ಬಾಯಾರು ಸೆರಗನ್ನು ಬಾಯಿಗೆ ಅಡ್ಡ ಹಿಡಿದುಕೊಂಡಿದ್ದರು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಬಿಚ್ಚಿದ ಅಂಗಗಳನ್ನೆಲ್ಲ ಕಚೇರಿಯವರೇ ಮನೆಮನೆಗೆ ಹೋಗಿ ಮಾಲೀಕರ ಎದುರು ಮತ್ತೆ ತೊಡಿಸಬೇಕು, ಅಂಗಗಳ ದುರಸ್ತಿಗೆ ಬಲ್ಲವರು ಬೇಕಾದ್ದರಿಂದ ಮಾಬವ್ವನಿಗೆ ಪರವಾನಗಿ ಕೊಡಬೇಕು, ಪರವಾನಗಿ ಇದ್ದವಳ ಮಷೀನಿಗೆ ಮುದ್ರೆ ಇರುವಂತಿಲ್ಲ ಎಂದು ಆಜ್ಞೆಯಾಯಿತು.

ಮರುದಿನದಿಂದ ಸಾಹೇಬರು ತಾವೇ ಗಾಡಿಯ ಜೊತೆ ಓಣಿಓಣಿ ನಡೆದರು. ಯಾವ ಅಂಗಿ ಯಾವ ಬಂದೂಕಿನದು ಎಂದು ಮನೆಯವರು ಹೇಳಿದರೂ ಕುಂಚಿಗೆಯ ಕಸೆ ಕಟ್ಟುವುದು ಕಚೇರಿಯ ಯಾರಿಗೂ ಬರಲಿಲ್ಲ. ಮಾಬವ್ವ ಜೊತೆಗೆ ಹೋದಳು. ಮಕ್ಕಳಿಗೆ ಕಟ್ಟತೀರಲ್ರೀ, ಹಂಗ ಅಂದಳು. ನಮ್ಮ ಮಗಳಿಗೆ ನನ್ನ ಹೆಂಡತಿಯೇ ಕಟ್ಟುತ್ತಿದ್ದಳು, ನಾನು ನೋಡಲೇ ಇಲ್ಲ ಎಂದು ಸಾಹೇಬರು ಹೇಳಿದರಂತೆ. ಹೇಳಿದ ಮೇಲೆ ಬೆರಳು ಬಹಳ ಮೆತ್ತಗೆ ಓಡಿದವಂತೆ. ಗಾಡಿ ಖಾಲಿಯಾಗುವ ಹೊತ್ತಿಗೆ ಊರಿನಲ್ಲಿ ಸದ್ದಡಗಿತು. ಹುಚ್ಚೀರಪ್ಪಜ್ಜನ ಹೆಂಡತಿ ತವರಿನಿಂದ ವಾಪಸು ಬಂದಳು.

ಅಂಗ ಎಂದಾದ ಮೇಲೆ ಅಂಗದ ತಾಪತ್ರಯಗಳೂ ಬಂದವು. ಅಂಗಿ ಒಗೆಯುವ ಮುಂಚೆ ಕಚೇರಿಗೆ ತಿಳಿಸಬೇಕು. ಗುಂಡಿ ಬದಲಿಸಿದರೆ ಹಳೆಯ ಗುಂಡಿಯನ್ನು ಒಪ್ಪಿಸ­ಬೇಕು. ಜನ ಗೊಣಗಿಕೊಂಡು ಅದಕ್ಕೂ ಹೊಂದಿಕೊಂಡರು, ಈಗ ಊರಿನಲ್ಲಿ ಸೋಮವಾರ ಒಗೆತಕ್ಕೆ ಹೇಳಿಬರುವ ದಿನ. ಸರ್ಕಾರದ ಕಿರಿಕಿರಿಯನ್ನು ಮಾಬವ್ವನಷ್ಟು ಖುಷಿಯಿಂದ ಅನುಭವಿಸಿದವರು ಇನ್ನೊಬ್ಬರಿಲ್ಲ. ಕಚೇರಿಯಿಂದ ಕರೆ ಬಂದರೆ ಹೊಸ ಸೀರೆ ಉಟ್ಟುಕೊಂಡು ಹೋಗುತ್ತಿದ್ದಳು.

ಪರವಾನಗಿ ಕೊಡುವ ದಿನ ಸಾಹೇಬರು ಇನ್ನೊಂದು ನಿಯಮ ಹೇಳಿದರು. ಬಂದೂಕಿನ ಪ್ರತಿ ಅಂಗದ ಮೇಲೂ ಮಾಡಿದವರ ಹೆಸರು ಕಾಣುವಂತೆ ಇರಬೇಕು. ಕಬ್ಬಿಣವಾದರೆ ಅಚ್ಚೊತ್ತುತ್ತಾರೆ, ಬಟ್ಟೆಗೆ ದಾರದಲ್ಲಿ ಹೊಲಿದರೂ ನಡೆಯುತ್ತದೆ. ಒಂದು ಅಂಗಕ್ಕೆ ಒಂದೇ ಹೆಸರು. ಮಾಬವ್ವನಿಗೆ ಅಕ್ಷರ ಬಾರದು. ನನಗೆ ನಾಲ್ಕು ಅಕ್ಷರ ಬರುತ್ತವೆ. ಆ ಮಧ್ಯಾಹ್ನ ಅವಳು ಹೊಸ ಅಂಗಿಯೊಂದನ್ನು ನನ್ನ ಮುಂದೆ ಹರಡಿ ಸೀಮೆಸುಣ್ಣ ಕೊಟ್ಟಳು. ನಾನು ಎದೆಯ ಭಾಗದಲ್ಲಿ ಮಾಬವ್ವ ಎಂದು ದಪ್ಪಗೆ ಬರೆದೆ, ಒತ್ತಕ್ಷರ ಸ್ವಲ್ಪ ಹೊಟ್ಟೆ ಬಿಟ್ಟಿತು. ಅವಳು ಬೆರಳಿನಿಂದ ಒಂದೊಂದೇ ಗೆರೆಯನ್ನು ಮುಟ್ಟಿ ನೋಡಿ, ಕೆಂಪು ದಾರ ಪೋಣಿಸಿ, ಗೆರೆಯ ಮೇಲೆ ಗೆರೆ ಹೊಲಿದು ಮುಗಿಸಿದಳು. ದೂರ ಹಿಡಿದು ನೋಡಿದಳು. ನಿಮ್ಮದೂ ಬರೀರಿ ಅಂದಳು.

ನಿಯಮ ಹೇಳಿದೆ. ಒಂದು ಅಂಗಕ್ಕೆ ಒಂದೇ ಹೆಸರು, ಕಾಣುವ ಹಾಗೆ. ನನ್ನದೇನಿದೆ ಅದರಲ್ಲಿ, ಒಂದು ಹಿಡಿ ಹತ್ತಿ, ಇದ್ದರೂ ಆತು ಇಲ್ಲದಿದ್ದರೂ ಆತು ಎಂದು ನಕ್ಕೆ. ಅವಳು ನಗಲಿಲ್ಲ. ಅಂಗಿಯನ್ನು ಒಳಮಗ್ಗುಲಿಗೆ ಹೊರಳಿಸಿ ಮೆತ್ತನೆಯ ಅಸ್ತರಿಯನ್ನು ಕೈಯಿಂದ ಸವರಿ ನನ್ನ ಮುಂದೆ ತಳ್ಳಿದಳು.

“ಕಾಣೂ ಹೆಸರು ಒಂದ ಇರಲಿ. ನಿಮ್ಮದು ಒಳಗ ಬರೀರಿ. ಕಾವು ಇರೂದು ಒಳಗ.”

ಸೀಮೆಸುಣ್ಣ ಹಿಡಿದುಕೊಂಡು ಬಗ್ಗಿದೆ. ಕಣ್ಣು ಮಂಜಾಗಿ, ನನ್ನದೇ ಹೆಸರು ಬರೆಯುವುದಕ್ಕೆ ಆ ದಿನ ನನಗೆ ಬಹಳ ಹೊತ್ತು ಹಿಡಿಯಿತು.